ಹಾಸಿಗೆ ಹಿಡಿದವರ ಬೆನ್ನಿಗೆ ಹುಣ್ಣಾಗದಂತೆ ಮಗ್ಗಲು ಬದಲಿಸುವುದು ಹೇಗೆ?

ಲಕ್ವಾ ಹೊಡೆದವರು, ಸೊಂಟದ ಎಲುಬು ಮುರಿದವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಹದಿನೈದು ದಿನದೊಳಗೇ ಬೆನ್ನಿಗೆ ಹುಣ್ಣು ಕಾಣಿಸಿಕೊಳ್ಳುವುದುಂಟು. ಕಲಬುರಗಿ, ಯಾದಗಿರಿಯ ಬೇಸಿಗೆಯಲ್ಲಾದರೆ ‘ಉಷ್ಣಕ್ಕೆ ಆಗಿದೆ’ ಎಂದು ಪೌಡರ್ ಸುರಿಯುತ್ತಾರೆ. 40 ಡಿಗ್ರಿ ದಾಟುವ ಬಿಸಿಲು, ಬೆವರು ಚರ್ಮವನ್ನು ಮೆತ್ತಗೆ ಮಾಡುವುದು ನಿಜ. ಆದರೆ ಹುಣ್ಣಿನ ಮೂಲ ಕಾರಣ ಒತ್ತಡ. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ, ಅಲ್ಲಿನ ಮಾಂಸ ಒಳಗಿನಿಂದಲೇ ಸಾಯುತ್ತದೆ. ನಮಗೆ ನಿದ್ದೆಯಲ್ಲೂ ತಾನಾಗಿ ಹೊರಳಾಟ ಇರುತ್ತದೆ, ಅವರಿಗೆ ಇಲ್ಲ. ಆ ಹೊರಳಾಟವನ್ನು ಮನೆಯವರೇ ಮಾಡಿಸಬೇಕು.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು: ಎಡ ಮಗ್ಗಲು, ಬೆನ್ನು, ಬಲ ಮಗ್ಗಲು. ಲಕ್ವಾ ಹೊಡೆದ ಮಗ್ಗಲಿಗೆ ಮಲಗಿಸುವ ಸಮಯ ಉಳಿದವಕ್ಕಿಂತ ಕಡಿಮೆ ಇರಲಿ, ಅಲ್ಲಿ ನೋವು ಸರಿಯಾಗಿ ತಿಳಿಯದಿರಬಹುದು. ಒಳ್ಳೆಯ ಗಾದಿ ಇದ್ದು, ಬೆಳಿಗ್ಗೆ ಚರ್ಮದಲ್ಲಿ ಕಲೆ ಕಾಣದಿದ್ದರೆ ರಾತ್ರಿ ಮೂರು ತಾಸಿಗೆ ಹಿಗ್ಗಿಸಬಹುದು. ನವಾರಿನ ಹೊರಸು ನಡುವೆ ಜೋತು ಬಿದ್ದು ಸೊಂಟವೆಲ್ಲ ಗುಂಡಿಗೆ ಇಳಿಯುತ್ತದೆ. ಫರಸಿಯ ಮೇಲೆ ಕೌದಿ ಹಾಸಿದರೆ ತಂಪೇನೋ ಹೌದು, ಆದರೆ ಕೌದಿಯ ಹೊಲಿಗೆಯ ದಾರಗಳೇ ಚರ್ಮಕ್ಕೆ ಒತ್ತುತ್ತವೆ. ಸಮತಟ್ಟಾದ ಮಂಚ, ನಾಲ್ಕೈದು ಇಂಚಿನ ಫೋಮ್ ಗಾದಿ, ಮೇಲೆ ಸುಕ್ಕಿಲ್ಲದ ಒಂದೇ ಹತ್ತಿ ಬಟ್ಟೆ ಸಾಕು. ಬರೀ ರೆಕ್ಸಿನ್ ಮೇಲೆ ಮಲಗಿಸಬೇಡಿ.

ಒಬ್ಬರೇ ಹೊರಳಿಸುವಾಗ ಮೊದಲು ಕೈ ತೊಳೆದು, ‘ಈಗ ಈ ಕಡೆ ಹೊರಳಿಸ್ತೀವಿ’ ಎಂದು ರೋಗಿಗೆ ಹೇಳಿ. ಮಾತು ಬರದವರಿಗೂ ಕೇಳಿಸುತ್ತಿರುತ್ತದೆ.

1. ಯಾವ ಕಡೆ ಹೊರಳಿಸಬೇಕೋ ಅದರ ಎದುರು ಅಂಚಿಗೆ ಮೊದಲು ಸರಿಸಿ: ಹೆಗಲು, ಆಮೇಲೆ ಸೊಂಟ, ಆಮೇಲೆ ಕಾಲು. ಇಲ್ಲವಾದರೆ ಹೊರಳಿದ ಮೇಲೆ ಮಂಚದ ತುದಿಗೆ ಬರುತ್ತಾರೆ. ಸರಿಸಲು ಸೊಂಟದ ಕೆಳಗೆ ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಹಾಸಿರಿ, ಅದನ್ನು ಹಿಡಿದು ಎತ್ತಿ ಸರಿಸಿ. ದರದರ ಎಳೆದರೆ ಮೇಲಿನ ಚರ್ಮ ಹಾಸಿಗೆಗೆ ಅಂಟಿ ಉಳಿದು ಒಳಗಿನ ಎಲುಬು ಜಾರುತ್ತದೆ, ನಡುವಿನ ರಕ್ತನಾಳಗಳು ಹರಿಯುತ್ತವೆ. ಇಬ್ಬರಿದ್ದರೆ ಈ ಹಂತ ಸುಲಭ.

2. ನೀವು ಹೊರಳಿಸುವ ಕಡೆಗೆ ಬಂದು ನಿಲ್ಲಿ. ರೋಗಿಯ ಕೈಗಳಲ್ಲಿ ನಿಮಗೆ ಹತ್ತಿರದ್ದನ್ನು ಮೈಯಿಂದ ದೂರ ಚಾಚಿಡಿ, ಆಚೆಯ ಕೈಯನ್ನು ಎದೆಯ ಮೇಲಿಡಿ, ಆಚೆಯ ಮೊಣಕಾಲು ಮಡಚಿ.

3. ಒಂದು ಕೈ ಹೆಗಲಿನ ಹಿಂದೆ, ಒಂದು ಕೈ ಸೊಂಟದ ಹಿಂದೆ ಇಟ್ಟು ನಿಮ್ಮ ಕಡೆಗೆ ಉರುಳಿಸಿ. ಲಕ್ವಾ ಹೊಡೆದ ಕೈಯನ್ನು ಹಿಡಿದು ಎಂದೂ ಜಗ್ಗಬೇಡಿ, ಹೆಗಲಿನ ಕೀಲು ಸಡಿಲಾಗುತ್ತದೆ.

4. ಬೆನ್ನ ಹಿಂದೆ ಉದ್ದಕ್ಕೆ ದಿಂಬು ಕೊಟ್ಟು ಅದರ ಮೇಲೆ ಒರಗಿಸಿ. ಪೂರ್ತಿ ಅಡ್ಡ ಬೇಡ, 30 ಡಿಗ್ರಿಯಷ್ಟು ಓರೆ ಸಾಕು. ಪೂರ್ತಿ ಅಡ್ಡ ಮಲಗಿದರೆ ಭಾರವೆಲ್ಲ ಸೊಂಟದ ಪಕ್ಕದ ಎಲುಬಿನ ಮೇಲೆ ಕೂರುತ್ತದೆ. ಅಂಗೈ ಒಳಗೆ ತೂರಿಸಿ ನೋಡಿ: ಬೆನ್ನಿನ ಬುಡದ ಎಲುಬು ಹಾಸಿಗೆಗೆ ತಾಕಬಾರದು.

5. ಮೊಣಕಾಲುಗಳ ನಡುವೆ ಒಂದು ದಿಂಬು. ಬೆನ್ನ ಮೇಲೆ ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡ ಗಾಳಿಯಲ್ಲಿ ತೇಲುವಂತಿರಲಿ. ಕಿವಿ ಮಡಚಿಕೊಂಡಿಲ್ಲ, ಮೂತ್ರದ ನಳಿಕೆ ತೊಡೆಯ ಕೆಳಗೆ ಸಿಕ್ಕಿಲ್ಲ ಎಂಬುದನ್ನು ನೋಡಿಯೇ ಕೈ ಬಿಡಿ. ಮೂತ್ರದ ಚೀಲ ಸದಾ ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು.

ಊಟದ ಹೊತ್ತು ಇನ್ನೊಂದು ಪೇಚು. ಉಸಿರಿನ ದಾರಿಗೆ ಅನ್ನ ಇಳಿಯದಿರಲು ನೆಟ್ಟಗೆ ಕೂಡಿಸಲೇಬೇಕು, ಉಂಡ ಮೇಲೂ ಅರ್ಧ ತಾಸು ಹಾಗೇ ಇರಬೇಕು. ಆದರೆ ಕೂತವರು ಮೆಲ್ಲಗೆ ಕೆಳಗೆ ಜಾರುತ್ತಾರೆ, ಜಾರುವಾಗಲೇ ಬೆನ್ನಿನ ಬುಡ ಉಜ್ಜುತ್ತದೆ. ಅದಕ್ಕೇ ಮೊದಲು ಮೊಣಕಾಲ ಕೆಳಗೆ ದಿಂಬು ಕೊಟ್ಟು ಮಡಚಿ, ಆಮೇಲೆ ತಲೆಯ ಕಡೆ ಎತ್ತಿ. ಅರ್ಧ ತಾಸು ಮುಗಿದ ಕೂಡಲೇ ಮಗ್ಗಲಿಗೆ ಹೊರಳಿಸಿ. ಉಣ್ಣುವಾಗ ಕೆಮ್ಮು ಬಂದರೆ, ಧ್ವನಿ ನೀರು ತುಂಬಿದಂತೆ ಕೇಳಿದರೆ ತಿನ್ನಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕೇಳಿ.

ದಿನಕ್ಕೆರಡು ಸಲ ಬೆಳಕಿನಲ್ಲಿ ಚರ್ಮ ನೋಡಿ: ಬೆನ್ನಿನ ಬುಡ, ಸೊಂಟದ ಎರಡೂ ಪಕ್ಕ, ಹಿಮ್ಮಡ, ಕಾಲಗಂಟು, ಮೊಣಕೈ, ತಲೆಯ ಹಿಂಭಾಗ. ಕೆಂಪಾದ ಕಡೆ ಬೆರಳಿಂದ ಒತ್ತಿ ಬಿಡಿ. ಬಿಳುಚಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಹರಿಯುತ್ತಿದೆ. ಒತ್ತಿದರೂ ಬಿಳುಚದಿದ್ದರೆ ಅದು ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಪಕ್ಕದ ಚರ್ಮಕ್ಕಿಂತ ಬಿಸಿ, ಗಟ್ಟಿ, ಇಲ್ಲವೇ ನೀಲಿ ಛಾಯೆ ಕಂಡರೆ ಅದೇ ಗುರುತು. ಆ ಜಾಗದ ಮೇಲೆ ಮತ್ತೆ ಮಲಗಿಸಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ತಿಕ್ಕಿದರೆ ಒಳಗೆ ಹಾಳಾದ ಮಾಂಸ ಇನ್ನಷ್ಟು ಹರಿಯುತ್ತದೆ. ನಡುವೆ ತೂತಿರುವ ಗಾಳಿಯ ಟ್ಯೂಬನ್ನು ಔಷಧ ಅಂಗಡಿಯವರು ಈಗಲೂ ಕೊಡುತ್ತಾರೆ. ಅದರ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಬರದಂತೆ ಮಾಡುತ್ತದೆ, ಬೇಡ.

ಗಾಳಿಯ ಗಾದಿ ತಂದಿದ್ದರೂ ಹೊರಳಿಸುವುದು ತಪ್ಪುವುದಿಲ್ಲ. ಸೊಂಟ ಇರುವ ಕಡೆ ಗಾಳಿಯ ಗಾದಿಯ ಕೆಳಗೆ ಕೈ ತೂರಿಸಿ, ಕೈಗೂ ಮೈಗೂ ನಡುವೆ ಒಂದಿಂಚಾದರೂ ಗಾಳಿ ಇರಬೇಕು. ಅದರ ಮೇಲೆ ಮೂರು ಹೊದಿಕೆ ಹಾಸಿದರೆ ಕೊಟ್ಟ ದುಡ್ಡು ದಂಡ. ಕರೆಂಟ್ ಹೋದರೆ ಗಾಳಿ ಇಳಿದು ಬರೀ ಹಲಗೆಯ ಮೇಲೆ ಮಲಗಿದಂತೆ ಆಗುತ್ತದೆ, ಆಗ ಇನ್ನೂ ಬೇಗ ಬೇಗ ಹೊರಳಿಸಿ.

ಹಾಸಿಗೆ ಒದ್ದೆಯಾಗುತ್ತದೆಂದು ನೀರು ಕಡಿಮೆ ಕುಡಿಸುವವರಿದ್ದಾರೆ. ಮೂತ್ರ ಗಟ್ಟಿಯಾಗಿ ಚರ್ಮವನ್ನು ಮತ್ತಷ್ಟು ಸುಡುತ್ತದೆ. ಒದ್ದೆಯಾದ ಕೂಡಲೇ ನೀರಲ್ಲಿ ತೊಳೆದು, ಒರೆಸದೆ ಒತ್ತಿ ಆರಿಸಿ, ತೆಳ್ಳಗೆ ಜಿಂಕ್ ಆಕ್ಸೈಡ್ ಮುಲಾಮು ಹಚ್ಚಿ. ಪೌಡರ್ ಬೆವರಿಗೆ ಉಂಡೆಗಟ್ಟಿ ಮರಳಿನಂತೆ ಉಜ್ಜುತ್ತದೆ.

ಹುಣ್ಣಾಗುವ ಅಪಾಯ ಇರುವವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕಿಲೋ ಇದ್ದವರಿಗೆ ಸುಮಾರು 63ರಿಂದ 75 ಗ್ರಾಂ. ತೊಗರಿಯ ನಾಡಿನಲ್ಲಿ ಇದು ಕಷ್ಟವಲ್ಲ, ಆದರೆ ತಿಳಿಸಾರಿನಲ್ಲಿ ಸಿಗುವುದಿಲ್ಲ, ಬೇಳೆಯೇ ಹೊಟ್ಟೆಗೆ ಹೋಗಬೇಕು. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ, ಒಂದು ತತ್ತಿಯಲ್ಲಿ 6 ಗ್ರಾಂ ಇದೆ. ರೊಟ್ಟಿಯನ್ನು ಹಾಲಲ್ಲಿ, ಗಟ್ಟಿ ಬೇಳೆಯಲ್ಲಿ ನೆನೆಸಿ ಕಿವುಚಿ ಕೊಡಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ವೈದ್ಯರೇ ಹೇಳಬೇಕು.

ಚರ್ಮ ಒಡೆದಿದ್ದರೆ ಅರಿಶಿನ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆದು, ಡ್ರೆಸಿಂಗ್ ಯಾವುದು ಎಂಬುದನ್ನು ದವಾಖಾನೆಯಲ್ಲಿ ಕೇಳಿ. ಕಪ್ಪು ಪದರ, ಕೀವು, ದುರ್ವಾಸನೆ, ಜ್ವರ ಇದ್ದರೆ ಅದೇ ದಿನ ಕರೆದೊಯ್ಯಿರಿ. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡದ ಹುಣ್ಣು ಎಷ್ಟೇ ಸಣ್ಣದಿರಲಿ, ಕಾಯಬೇಡಿ. ಉಳಿದ ಹುಣ್ಣುಗಳ ಉದ್ದಗಲವನ್ನು ವಾರಕ್ಕೊಮ್ಮೆ ಅಳೆದು, ಹೊರಳಿಸಿದ ಹೊತ್ತಿನ ಜೊತೆಗೆ ಒಂದೇ ಹಾಳೆಯಲ್ಲಿ ಬರೆದಿಡಿ. ಎರಡು ವಾರವಾದರೂ ಅಳತೆ ಇಳಿಯದಿದ್ದರೆ ಆ ಹಾಳೆ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ.