ಇಂಗ್ಲಿಷ್ ವಾಕ್ಯ ಕಟ್ಟುವುದು ಹೇಗೆ? ಮೊದಲು ಕ್ರಿಯಾಪದ ಹುಡುಕಿ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಇಂಗ್ಲಿಷ್ ಪ್ರಬಂಧ ತಿದ್ದುವುದು ನನ್ನ ಸಂಜೆಯ ಕೆಲಸ. ಹೆಚ್ಚಿನವರು ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದವರು. ಶಬ್ದ ಬೇಕಾದಷ್ಟು ಗೊತ್ತು, ಟೆನ್ಸ್ ಬಾಯಿಪಾಠ. ಆದರೂ ಎಲ್ಲರ ವಾಕ್ಯವೂ ಒಂದೇ ಜಾಗದಲ್ಲಿ ಮುರಿಯುತ್ತದೆ. ‘ಯೆಸ್ಟರ್‌ಡೇ ಪೇಢಾ ಗೇವ್ ಓಲ್ಡ್ ಮ್ಯಾನ್ ಟುಡೇ ಅಗೇನ್ ಕೇಮ್’ ಎಂದು ಒಬ್ಬ ಬರೆದಿದ್ದ. ಅವನ ಮನಸ್ಸಿನಲ್ಲಿದ್ದದ್ದು ‘ನಿನ್ನಿ ಪೇಢೆ ಕೊಟ್ಟ ಅಜ್ಜ ಇವತ್ತ ಮತ್ತ ಬಂದಾನ’ ಎಂಬ ಚೊಕ್ಕ ಕನ್ನಡ. ಅದನ್ನು ಇಂಗ್ಲಿಷಿಗೆ ದಾಟಿಸುವ ದಾರಿ ಹೇಳುತ್ತೇನೆ.

ಹಂತ 1. ಕೆಂಪು ಪೆನ್ನು ಹಿಡಿದು ಕಾಲ ತೋರಿಸುವ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ‘ಗೋಸ್’, ‘ವೆಂಟ್’, ‘ಈಸ್’ ಇವಕ್ಕೆ ಗೆರೆ ಬೀಳುತ್ತದೆ. ಬರೀ ‘ಟು ಗೋ’, ‘ಗೋಯಿಂಗ್’ ಇದ್ದರೆ ಇಲ್ಲ. ಅವು ನಮ್ಮ ‘ಹೋಗಲು’, ‘ಹೋಗುತ್ತ’ ಇದ್ದಂತೆ, ತಾವೇ ವಾಕ್ಯ ಮುಗಿಸಲಾರವು. ಗೆರೆ ಬಿದ್ದ ಕ್ರಿಯಾಪದವೂ ಅದರ ಕರ್ತೃವೂ ಸೇರಿದರೆ ಕ್ಲಾಸ್ (clause), ಅಂದರೆ ಉಪವಾಕ್ಯ. ಆ ಜೋಡಿ ಇಲ್ಲದ ಪದಗಳ ಗುಂಪು ಫ್ರೇಸ್. ‘ಇನ್ ದ ಮಾರ್ನಿಂಗ್’ ಫ್ರೇಸ್. ‘ವೆನ್ ದ ಸನ್ ರೋಸ್’ ಕ್ಲಾಸ್.

ಹಂತ 2. ಫ್ರೇಸಿನ ಯಜಮಾನ, ಅಂದರೆ ಅದರ ಮುಖ್ಯ ಪದ, ಯಾರು ನೋಡಿ. ‘ಬ್ಯಾಡಗಿ ಮೆಣಸಿನಕಾಯಿಯ ದರ ಏರಿದೆ’ ಎನ್ನುವಾಗ ಯಜಮಾನ ‘ದರ’. ಕನ್ನಡದಲ್ಲಿ ಅದು ಗುಂಪಿನ ಕೊನೆಗೆ, ಕ್ರಿಯಾಪದದ ಪಕ್ಕದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ‘ದ ಪ್ರೈಸ್ ಆಫ್ ಬ್ಯಾಡಗಿ ಚಿಲ್ಲೀಸ್’. ಯಜಮಾನ ಮುಂದೆ ಹೋಗಿ ನಿಂತ, ಕ್ರಿಯಾಪದದ ಪಕ್ಕಕ್ಕೆ ಚಿಲ್ಲೀಸ್ ಬಂತು. ಅದನ್ನು ನೋಡಿ ‘ಹ್ಯಾವ್ ರಿಸನ್’ ಬರೆದುಬಿಡುತ್ತಾರೆ. ಏರಿದ್ದು ಪ್ರೈಸ್, ಆದ್ದರಿಂದ ‘ಹ್ಯಾಸ್ ರಿಸನ್’.

ಹಂತ 3. ಕರ್ತೃ, ಕ್ರಿಯಾಪದ, ಕರ್ಮ ಈ ಸಾಲಿನಲ್ಲಿ ಇಡಿ, ಸಾಮಾನ್ಯ ವಾಕ್ಯ ಆಯಿತು. ‘ಅವರು ನಮ್ಮ ಮಾಸ್ತರು’ ಎಂಬುದರಲ್ಲಿ ಕ್ರಿಯಾಪದವೇ ಇಲ್ಲ, ಇಂಗ್ಲಿಷಿನಲ್ಲಿ ‘ಈಸ್’ ಬೇಕೇ ಬೇಕು.

ಹಂತ 4. ಸರಿಸಮಾನ ಕ್ಲಾಸ್‌ಗಳನ್ನು ‘ಆ್ಯಂಡ್’, ‘ಬಟ್’, ‘ಆರ್’, ‘ಸೋ’ಗಳಿಂದ ಕೂಡಿಸಿದರೆ ಸಂಯೋಜಿತ ವಾಕ್ಯ. ‘ಆಲ್ದೋ’ ಹಾಕಿದ ಮೇಲೆ ಮತ್ತೆ ‘ಬಟ್’ ಬೇಡ. ‘ಮಳೆ ಬಂದರೂ ಹೋದೆವು’ ಎನ್ನುವಾಗ ‘ಬಂದರೂ’ ಒಂದೇ ಸಾಕಾಗುತ್ತದಲ್ಲ, ಹಾಗೆ.

ಹಂತ 5. ಎಲ್ಲರೂ ಎಡವುವುದು ಇಲ್ಲಿ, ಮುಖ್ಯ ವಾಕ್ಯವನ್ನು ಆತುಕೊಂಡು ಇನ್ನೊಂದು ಉಪವಾಕ್ಯ ಬರುವ ಮಿಶ್ರ ವಾಕ್ಯದಲ್ಲಿ. ನಿಧಾನವಾಗಿ ಓದಿ.

‘ಪೇಢೆ ಕೊಟ್ಟ ಅಜ್ಜ’ ಎಂಬಲ್ಲಿ ‘ಕೊಟ್ಟ’ ಕೃದಂತ, ಅಂದರೆ ಕ್ರಿಯೆಯಿಂದ ಹುಟ್ಟಿ ನಾಮಪದವನ್ನು ಬಣ್ಣಿಸುವ ಪದ. ಕನ್ನಡ ಒಂದು ಇಡೀ ಉಪವಾಕ್ಯವನ್ನು ಮಡಚಿ ನಾಮಪದದ ಮುಂದೆ ಇಡುತ್ತದೆ. ಇಂಗ್ಲಿಷಿನಲ್ಲಿ ಆ ಮಡಿಕೆ ಬಿಚ್ಚಿ ನಾಮಪದದ ಹಿಂದೆ ಹಾಸಬೇಕು. ಮೊದಲು ಮುಖ್ಯ ಮಾತು ಬರೆದುಕೊಳ್ಳಿ: ‘ದಿ ಓಲ್ಡ್ ಮ್ಯಾನ್ ಹ್ಯಾಸ್ ಕಮ್ ಅಗೇನ್ ಟುಡೇ’. ಆಮೇಲೆ ‘ಯಾವ ಅಜ್ಜ?’ ಎಂದು ಕೇಳಿಕೊಳ್ಳಿ. ಉತ್ತರ: ‘ಹೂ ಗೇವ್ ಅಸ್ ಪೇಢಾ ಯೆಸ್ಟರ್‌ಡೇ’. ಆ ಉತ್ತರವನ್ನು ಮ್ಯಾನ್ ಪದಕ್ಕೆ ತಾಗಿಸಿಯೇ ಸೇರಿಸಿ: ‘ದಿ ಓಲ್ಡ್ ಮ್ಯಾನ್ ಹೂ ಗೇವ್ ಅಸ್ ಪೇಢಾ ಯೆಸ್ಟರ್‌ಡೇ ಹ್ಯಾಸ್ ಕಮ್ ಅಗೇನ್ ಟುಡೇ’. ಫೋನಿನ ಅನುವಾದ ಆ್ಯಪ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಕಲಿಯುವ ದಿನಗಳಲ್ಲಿ ಅದನ್ನು ಮುಟ್ಟಬೇಡಿ. ಪರೀಕ್ಷಾ ಕೊಠಡಿಯಲ್ಲಿ ಮಡಿಕೆ ಬಿಚ್ಚಬೇಕಾದವರು ನೀವೇ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎನ್ನುವ ಗೈಡುಗಳಿಗೂ ದುಡ್ಡು ಹಾಕಬೇಡಿ. ನಾನು ನೋಡಿದವುಗಳಲ್ಲಿ ಸಿದ್ಧ ವಾಕ್ಯಗಳೇ ತುಂಬಿವೆ, ಕೃದಂತದ ಸುದ್ದಿಯೇ ಇಲ್ಲ.

‘ಹೂ’, ‘ವಿಚ್’, ‘ದ್ಯಾಟ್’ ಯಾವಾಗ ಬಿಡಬಹುದು? ಅದರ ನಂತರ ಬರುವುದು ಕ್ರಿಯಾಪದವಾದರೆ ಬಿಡಬೇಡಿ. ಬೇರೆ ಕರ್ತೃ ಬಂದರೆ ಬಿಡಬಹುದು: ‘ನಾನು ಕೊಂಡ ಪುಸ್ತಕ’ ಎಂಬುದಕ್ಕೆ ‘ದ ಬುಕ್ ಐ ಬಾಟ್’ ಸಾಕು.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ‘ನಾನು ಬಂದ ಚಿಗರಿ ಬಸ್ಸು’ ಎನ್ನುತ್ತೇವೆ (ಚಿಗರಿ ಎಂದರೆ ಹುಬ್ಬಳ್ಳಿ ಧಾರವಾಡ ನಡುವಿನ ಬಸ್ಸು). ನಿಜವಾಗಿ ನಾನು ಬಂದದ್ದು ಬಸ್ಸಿ‘ನಲ್ಲಿ’. ಕೃದಂತ ಮಾಡುವಾಗ ಕನ್ನಡ ಆ ವಿಭಕ್ತಿ ಪ್ರತ್ಯಯವನ್ನು ನುಂಗಿಬಿಡುತ್ತದೆ, ಕೇಳುವವರಿಗೆ ಹೇಗೂ ಅರ್ಥವಾಗುತ್ತದೆ. ಇಂಗ್ಲಿಷ್ ನುಂಗುವುದಿಲ್ಲ. ‘ದ ಬಸ್ ಐ ಕೇಮ್’ ಎಂದು ನಿಲ್ಲಿಸಿದರೆ ತಪ್ಪು, ‘ದ ಬಸ್ ಐ ಕೇಮ್ ಇನ್’ ಎನ್ನಬೇಕು. ‘ಅವಳು ಬರೆದ ಪೆನ್ನು’ ಎಂದರೆ ‘ದ ಪೆನ್ ಶಿ ರೋಟ್ ವಿತ್’. ಹೀಗಾಗಿ ಕೃದಂತ ಕಂಡಾಗಲೆಲ್ಲ ಅದನ್ನು ಮೊದಲು ಪೂರ್ಣ ವಾಕ್ಯ ಮಾಡಿ ಬಾಯಲ್ಲಿ ಹೇಳಿಕೊಳ್ಳಿ: ‘ಅವಳು ಪೆನ್ನಿನಿಂದ ಬರೆದಳು’. ಪ್ರತ್ಯಯ ಹೊರಗೆ ಬರುತ್ತದೆ, ಅದಕ್ಕೆ ತಕ್ಕ ಪ್ರಿಪೊಸಿಶನ್ ಕೂಡ ಸಿಗುತ್ತದೆ.

ಅಲ್ಪವಿರಾಮವನ್ನೂ ಗಮನಿಸಿ. ‘ಮೈ ಬ್ರದರ್’ ಆದಮೇಲೆ ಅಲ್ಪವಿರಾಮ ಹಾಕಿ ‘ಹೂ ಲಿವ್ಸ್ ಇನ್ ಗದಗ’ ಎಂದು ಬರೆದರೆ ನಿಮಗಿರುವುದು ಒಬ್ಬನೇ ತಮ್ಮ, ಅವನು ಗದಗದಲ್ಲಿದ್ದಾನೆ ಎಂದಾಗುತ್ತದೆ. ಹಾಕದಿದ್ದರೆ ಹಲವು ತಮ್ಮಂದಿರಲ್ಲಿ ಗದಗದವನು.

ಹಂತ 6. ಬರೆದದ್ದನ್ನು ಎಣಿಸಿ. ಗೆರೆ ಬಿದ್ದ ಎರಡು ಕ್ರಿಯಾಪದಗಳಿಗೆ ಒಂದು ಕೊಂಡಿ, ಅಂದರೆ ‘ಆ್ಯಂಡ್’, ‘ಹೂ’ ಥರದ ಜೋಡಿಸುವ ಪದ, ಮೂರಕ್ಕೆ ಎರಡು. ಬಿಟ್ಟ ‘ದ್ಯಾಟ್’ ಅನ್ನೂ ಕೊಂಡಿಯೆಂದೇ ಲೆಕ್ಕ ಹಿಡಿಯಿರಿ. ಪೇಢೆಯ ಹುಡುಗನ ವಾಕ್ಯದಲ್ಲಿ ಎರಡು ಕ್ರಿಯಾಪದ ಇದ್ದವು, ಕೊಂಡಿ ಒಂದೂ ಇರಲಿಲ್ಲ. ‘ಬಿಕಾಸ್’ ಎಂಬ ಕೊಂಡಿ ಇದ್ದು ಕ್ರಿಯಾಪದ ಒಂದೇ ಇದ್ದರೆ ವಾಕ್ಯ ಅರ್ಧಕ್ಕೇ ನಿಂತಿದೆ ಎಂದು ತಿಳಿಯಿರಿ. ನಾವು ‘ಯಾಕಂದ್ರ ಮಳಿ ಇತ್ತ’ ಎಂದು ಪೂರ್ಣವಿರಾಮ ಇಡುತ್ತೇವೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಅದಕ್ಕೊಂದು ಮುಖ್ಯ ವಾಕ್ಯ ಜೋಡಿಸಿಯೇ ಬರೆಯಿರಿ.

ಈಗ ಒಂದನ್ನು ನೀವೇ ಮಾಡಿ: ‘ಉಣಕಲ್ ಕೆರೆಯ ಹತ್ತಿರ ನಾವು ಕೂತ ಕಟ್ಟೆ ಹಳೆಯದು’. ನಿಮ್ಮ ಉತ್ತರದಲ್ಲಿ ‘ವಿ ಸ್ಯಾಟ್’ ಆದಮೇಲೆ ‘ಆನ್’ ಇದೆಯೇ, ‘ಓಲ್ಡ್’ಗೆ ಮೊದಲು ‘ಈಸ್’ ಬಂದಿದೆಯೇ ನೋಡಿಕೊಳ್ಳಿ.