ಇಡೀ ಲ್ಯಾಬ್‌ಗೆ ಒಟ್ಟಿಗೆ ವಿಂಡೋಸ್ 11: ನೆಟ್‌ವರ್ಕ್ ಅಡಾಪ್ಟರ್ ಸೆಟ್ಟಿಂಗ್ ಎಲ್ಲಿ, ಹೇಗೆ

ಪಿಎಕ್ಸ್‌ಇ ಮೂಲಕ, ಅಂದರೆ ಡಿಸ್ಕ್ ಬದಲು ನೆಟ್‌ವರ್ಕ್‌ನಿಂದಲೇ ಬೂಟ್ ಮಾಡಿ, ಲ್ಯಾಬ್‌ನ ನಲವತ್ತು ಸಿಸ್ಟಂಗೂ ವಿಂಡೋಸ್ ಇಳಿಸುವಾಗ ಕೈಕೊಡುವುದು ಹೆಚ್ಚಾಗಿ ನೆಟ್‌ವರ್ಕೇ. ಒಂದೇ ಕಾರ್ಡನ್ನು ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್, ಆಮೇಲೆ ವಿನ್‌ಪಿಇ (ಇನ್‌ಸ್ಟಾಲ್ ನಡೆಸುವ ಪುಟ್ಟ ವಿಂಡೋಸ್), ಕೊನೆಗೆ ಡಿಸ್ಕ್‌ಗೆ ಇಳಿದ ವಿಂಡೋಸ್, ಹೀಗೆ ಮೂವರು ನಡೆಸುತ್ತಾರೆ. ಒಬ್ಬರಿಗೆ ಸಿಕ್ಕ ಐಪಿ, ಡ್ರೈವರ್ ಇನ್ನೊಬ್ಬರಿಗೆ ತಾನಾಗಿ ದಾಟುವುದಿಲ್ಲ. ಎಲ್ಲಿ ನಿಂತಿದೆ ಎಂದು ಮೊದಲು ನೋಡಿ, ಆಮೇಲೆ ಸೆಟ್ಟಿಂಗ್ ಮುಟ್ಟಿ.

ಇನ್‌ಸ್ಟಾಲ್ ಕೆಲಸಕ್ಕೆ ಬೇರೆಯೇ ಒಂದು ಗಿಗಾಬಿಟ್ ಸ್ವಿಚ್ ಇಡಿ. ಕಚೇರಿಯ ಫೈಬರ್ ರೂಟರ್ ಅದೇ ಜಾಲದಲ್ಲಿದ್ದರೆ ಅದೂ ಡಿಎಚ್‌ಸಿಪಿ ಮೂಲಕ ಐಪಿ ವಿಳಾಸ ಹಂಚುತ್ತದೆ. ಸಿಸ್ಟಂ ಯಾರ ಉತ್ತರ ಹಿಡಿಯುತ್ತದೆ ಎಂಬ ಖಾತ್ರಿ ಇರುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಕೇಬಲ್ ತರುವಾಗ ಪೂರ್ತಿ ತಾಮ್ರದ ಕ್ಯಾಟ್ 6 ಎಂದೇ ಕೇಳಿ. ಕ್ರಿಂಪ್‌ನಲ್ಲಿ ನಾಲ್ಕು ಜೋಡಿಗಳಲ್ಲಿ ಒಂದು ಕೂರದಿದ್ದರೂ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯಬಹುದು. ಆಗ 5 ಜಿಬಿ ಇಮೇಜ್‌ಗೆ ಮುಕ್ಕಾಲು ನಿಮಿಷದ ಬದಲು ಏಳೆಂಟು ನಿಮಿಷ ಹಿಡಿಯುತ್ತದೆ.

ಬಯಾಸ್‌ನಲ್ಲಿ ಯುಇಎಫ್‌ಐ ನೆಟ್‌ವರ್ಕ್ ಸ್ಟ್ಯಾಕ್ ಮತ್ತು ಐಪಿವಿ4 ಪಿಎಕ್ಸ್‌ಇ ಆನ್ ಮಾಡಿ. ಪರದೆಯ ಮೇಲಿನ ದೋಷಸಂಖ್ಯೆ ಅರ್ಧ ಉತ್ತರ ಹೇಳಿಬಿಡುತ್ತದೆ. ಇ51, ಅಥವಾ ಯುಇಎಫ್‌ಐಯಲ್ಲಿ ಇ16 ಬಂದರೆ ಡಿಎಚ್‌ಸಿಪಿ ಉತ್ತರವೇ ತಲುಪಿಲ್ಲ. ಮ್ಯಾನೇಜ್ಡ್ ಸ್ವಿಚ್ ಆಗಿದ್ದರೆ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಲೂಪ್ ಆಗದಂತೆ ಸ್ವಿಚ್ ಮಾಡುವ ತಪಾಸಣೆ) ಮೇಲೆ ಅನುಮಾನಪಡಿ. ಹಳೆಯ ಬಗೆಯಲ್ಲಿ ಅದು ಪೋರ್ಟ್ ತೆರೆಯಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಪಿಎಕ್ಸ್‌ಇ ಕಾದು ಸುಸ್ತಾಗಿರುತ್ತದೆ. ಸಿಸ್ಟಂಗಳ ಪೋರ್ಟ್‌ಗಳಿಗೆ, ಕಾಯದೆ ತಕ್ಷಣ ತೆರೆಯುವ ಪೋರ್ಟ್‌ಫಾಸ್ಟ್ ಕೊಡಿ. ಇ53 ಬಂದರೆ ಬೂಟ್ ಫೈಲ್ ಹೆಸರು, ಅಂದರೆ ಡಿಎಚ್‌ಸಿಪಿಯ ಆಪ್ಷನ್ 67, ಸಿಕ್ಕಿಲ್ಲ. ಇ32 ಎಂದರೆ ಬೂಟ್ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ಉತ್ತರಿಸುತ್ತಿಲ್ಲ. ಅದರ ಫೈರ್‌ವಾಲ್‌ನಲ್ಲಿ ಯುಡಿಪಿ 69 ಪೋರ್ಟ್ ತೆರೆದಿದೆಯೇ ನೋಡಿ.

ಈಗ ವಿನ್‌ಪಿಇ. ವಿಂಡೋಸ್ 11 ಐಎಸ್‌ಒದಲ್ಲಿರುವ ಬೂಟ್ ಇಮೇಜ್ ಬೂಟ್.ವಿಮ್ ಅನ್ನು ವಿಂಡೋಸ್ ಸರ್ವರ್‌ನ ಡಬ್ಲ್ಯುಡಿಎಸ್ ಮೂಲಕ ನೇರವಾಗಿ ನಡೆಸುವ ಹಳೆಯ ದಾರಿಯನ್ನು ಮೈಕ್ರೋಸಾಫ್ಟ್ ಮುಚ್ಚಿದೆ. ಮೈಕ್ರೋಸಾಫ್ಟ್‌ನದೇ ಸಲಕರಣೆ ಪೆಟ್ಟಿಗೆಯಾದ ಎಡಿಕೆಯಿಂದ ನಿಮ್ಮದೇ ವಿನ್‌ಪಿಇ ಕಟ್ಟಿಕೊಳ್ಳಿ. ಹೊಸ ಬೋರ್ಡ್‌ಗಳ 2.5 ಗಿಗಾಬಿಟ್ ಕಾರ್ಡ್, ಉದಾಹರಣೆಗೆ ರಿಯಲ್‌ಟೆಕ್ 8125, ಇದ್ದಲ್ಲಿ ಬೂಟ್ ಆದ ಮೇಲೆ ನೆಟ್‌ವರ್ಕ್ ಮಾಯವಾಗುವುದುಂಟು. ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಹೊಡೆಯಿರಿ. ಅಡಾಪ್ಟರೇ ಕಾಣದಿದ್ದರೆ ಡ್ರೈವರ್ ಇಲ್ಲ, 169.254 ಎಂದು ಶುರುವಾದರೆ ಡ್ರೈವರ್ ಸರಿಯಿದೆ, ಡಿಎಚ್‌ಸಿಪಿ ಸಿಕ್ಕಿಲ್ಲ. ಡ್ರೈವರ್ ಹಾಕಲು ತಯಾರಕರ ಇಎಕ್ಸ್‌ಇ ಕೆಲಸಕ್ಕೆ ಬಾರದು. ಅದನ್ನು ಬಿಡಿಸಿ, ಐಎನ್‌ಎಫ್ (ಡ್ರೈವರ್ ವಿವರದ ಕಡತ) ಇರುವ ಫೋಲ್ಡರನ್ನು ಇಮೇಜ್ ತಿದ್ದುವ ಡಿಸ್ಮ್ ಆಜ್ಞೆಯಿಂದ ಸೇರಿಸಿ. ಬೂಟ್ ಇಮೇಜ್‌ಗೆ ಹಾಕಿದ್ದೇ ಡಿಸ್ಕ್‌ಗೆ ಇಳಿಯುವ ವಿಂಡೋಸ್ ಇರುವ ಇನ್‌ಸ್ಟಾಲ್.ವಿಮ್‌ಗೂ ಹೋಗಲಿ. ಇಲ್ಲದಿದ್ದರೆ ಇನ್‌ಸ್ಟಾಲ್ ಮುಗಿದ ಮೇಲೆ ವಿಂಡೋಸ್ 11 ನೆಟ್‌ವರ್ಕ್ ಕೇಳುವ ಪರದೆಯಲ್ಲಿ ಬೆಪ್ಪಾಗಿ ನಿಲ್ಲುತ್ತದೆ. ವಿನ್‌ಪಿಇ ಏಳುವಾಗ ಓಡುವ ಸ್ಟಾರ್ಟ್‌ನೆಟ್ ಕಡತದಲ್ಲಿ ಡಬ್ಲ್ಯುಪಿಇಇನಿಟ್ ಸಾಲಿನ ಕೆಳಗೆ ಡಬ್ಲ್ಯುಪಿಇಯುಟಿಲ್‌ನ ವೇಟ್‌ಫಾರ್‌ನೆಟ್‌ವರ್ಕ್ ಸೇರಿಸಿ. ಕಾರ್ಡ್ ಏಳುವ ಮೊದಲೇ ಸರ್ವರ್‌ನ ಷೇರ್ ಫೋಲ್ಡರ್ ಜೋಡಿಸಲು ಹೋಗಿ ಸೋಲುವುದು ಅಲ್ಲಿಗೆ ತಪ್ಪುತ್ತದೆ.

ಉಳಿದದ್ದು ಆನ್ಸರ್ ಫೈಲ್, ಅಂದರೆ ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಕಡತ. ಸ್ಥಿರ ಐಪಿ ಬೇಕೆಂದರೆ ಸ್ಪೆಷಲೈಸ್ ಹಂತದಲ್ಲಿ ಟಿಸಿಪಿಐಪಿ ಕಾಂಪೊನೆಂಟ್ ಸೇರಿಸಿ, ಅದರ ಐಪಿವಿ4 ಸೆಟ್ಟಿಂಗ್‌ನಲ್ಲಿ ಡಿಎಚ್‌ಸಿಪಿಯನ್ನು ಫಾಲ್ಸ್ ಮಾಡಿ. ವಿಳಾಸವನ್ನು ಸಬ್‌ನೆಟ್ ಸಮೇತ 192.168.50.21/24 ಎಂದು ಬರೆಯಬೇಕು. ಗೇಟ್‌ವೇ ರೌಟ್ಸ್ ಅಡಿಯಲ್ಲಿ ಹೋಗುತ್ತದೆ: ಪ್ರಿಫಿಕ್ಸ್ 0.0.0.0/0, ನೆಕ್ಸ್ಟ್‌ಹಾಪ್ 192.168.50.1. ವೆಬ್‌ಸೈಟ್ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್ ಇಲ್ಲಿಲ್ಲ, ಅದಕ್ಕೆ ಡಿಎನ್‌ಎಸ್ ಕ್ಲೈಂಟ್ ಎಂಬ ಬೇರೆ ಕಾಂಪೊನೆಂಟ್ ಇದೆ. ಇದನ್ನು ಮರೆತರೆ ಐಪಿಗೆ ಪಿಂಗ್ ಹೋಗುತ್ತದೆ, ವೆಬ್‌ಸೈಟ್ ತೆರೆಯುವುದಿಲ್ಲ.

ಯಾವ ಕಾರ್ಡ್ ಎಂದು ಹೇಳುವ ಐಡೆಂಟಿಫೈಯರ್ ಜಾಗದಲ್ಲಿ ‘ಈಥರ್ನೆಟ್’ ಎಂದು ಹೆಸರು ಬರೆಯುವುದು ಸುಲಭ, ಆದರೆ ನಂಬಬೇಡಿ. ಎರಡು ಕಾರ್ಡ್ ಇರುವ ಸಿಸ್ಟಂನಲ್ಲಿ ನಿಮಗೆ ಬೇಕಾದದ್ದು ‘ಈಥರ್ನೆಟ್ 2’ ಆಗಿರಬಹುದು. ಹೆಸರಿನ ಬದಲು ಕಾರ್ಡಿನ ಸ್ವಂತ ಗುರುತಾದ ಮ್ಯಾಕ್ ವಿಳಾಸವನ್ನು 02-15-17-32-48-90 ಎಂಬಂತೆ ಅಡ್ಡಗೆರೆ ಹಾಕಿ ಬರೆಯಿರಿ. ಹಾಗೆ ಮಾಡಿದರೆ ಪ್ರತಿ ಸಿಸ್ಟಂಗೂ ಬೇರೆ ಫೈಲ್ ಬೇಕಾಗುತ್ತದೆ ನಿಜ. ಅದಕ್ಕೇ ಲ್ಯಾಬ್‌ಗೆ ಸ್ಥಿರ ಐಪಿಯ ಸಹವಾಸವೇ ಬೇಡ: ಫೈಲ್‌ನಲ್ಲಿ ಡಿಎಚ್‌ಸಿಪಿ ಹಾಗೇ ಬಿಟ್ಟು, ಡಿಎಚ್‌ಸಿಪಿ ಸರ್ವರ್‌ನಲ್ಲಿ ಪ್ರತಿ ಮ್ಯಾಕ್‌ಗೂ ಒಂದು ಐಪಿ ಕಾಯ್ದಿರಿಸುವ ರಿಸರ್ವೇಶನ್ ಮಾಡಿ. ಆಗ ಒಂದೇ ಫೈಲ್ ಎಲ್ಲಕ್ಕೂ ಸಾಕು.

ಈಥರ್ನೆಟ್ ಪೋರ್ಟ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಒಂದೇ ಯುಎಸ್‌ಬಿ ಡಾಂಗಲ್ ಹತ್ತು ಲ್ಯಾಪ್‌ಟಾಪ್ ಸುತ್ತಿದರೆ ಸರ್ವರ್‌ಗೆ ಕಾಣುವುದು ಡಾಂಗಲ್‌ನ ಮ್ಯಾಕ್, ಹೀಗಾಗಿ ಹತ್ತಕ್ಕೂ ಒಂದೇ ರಿಸರ್ವೇಶನ್. ಕೆಲವು ಮಾಡೆಲ್‌ಗಳ ಬಯಾಸ್‌ನಲ್ಲಿ, ಡಾಂಗಲ್‌ನದರ ಬದಲು ಲ್ಯಾಪ್‌ಟಾಪ್‌ನದೇ ಮ್ಯಾಕ್ ತೋರಿಸುವ ಮ್ಯಾಕ್ ಪಾಸ್‌ಥ್ರೂ ಇರುತ್ತದೆ. ಡಾಂಗಲ್ ಅದಕ್ಕೆ ಹೊಂದುವುದಾದರೆ ಆನ್ ಮಾಡಿ. ಇಲ್ಲವಾದರೆ ಲ್ಯಾಪ್‌ಟಾಪ್‌ಗಳನ್ನು ರಿಸರ್ವೇಶನ್ ಪಟ್ಟಿಯಿಂದಲೇ ಹೊರಗಿಡಿ.