ಟಿಕ್ ಟಿಕ್ ಅಂದ ತಕ್ಷಣ ಎಂಜಿನ್ ಬಿಚ್ಚಿಸಬೇಡಿ

ನಮ್ಮ ಮನೆಯಲ್ಲಿರುವುದು 1996ರ ಮಾರುತಿ 800. ಅಪ್ಪ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ಹೋದ ಮಳೆಗಾಲದಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವಾಗ, ಮಂಡಗದ್ದೆ ಹತ್ತಿರ ಬಾನೆಟ್ ಒಳಗೆ ಹೊಲಿಗೆ ಮಿಷನ್ ತುಳಿದ ಹಾಗೆ ಸದ್ದು ಶುರುವಾಯಿತು. ಗ್ಯಾರೇಜಿನವರೊಬ್ಬರು ಅರ್ಧ ನಿಮಿಷ ಕೇಳಿ, "ಬೇರಿಂಗ್ ಹೋಗಿದೆ ಮೇಡಂ, ಎಂಜಿನ್ ಇಳಿಸಬೇಕು, 18 ಸಾವಿರ ಆಗ್ತದೆ" ಅಂದರು. ನಾನು ಗಾಡಿ ಮನೆಗೆ ತಂದೆ.

ಮೊದಲು ಆಯಿಲ್ ನೋಡಿ. ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಮ್ಮಿ ಇದ್ದರೆ ಹಾಕಿ, ಎಷ್ಟೋ ಸಲ ಸದ್ದು ಅಲ್ಲಿಗೇ ನಿಲ್ಲುತ್ತದೆ. ಎಂಜಿನ್ ಓಡುತ್ತಿರುವಾಗ ಕೆಂಪು ಆಯಿಲ್ ಲೈಟ್ ಹತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಆಮೇಲೆ ಸದ್ದು ಯಾವಾಗ ಬರುತ್ತದೆ ಅಂತ ಗಮನಿಸಿ. ಬೆಳಿಗ್ಗೆ ಜೋರಾಗಿದ್ದು ಬಿಸಿಯಾದ ಮೇಲೆ ಇಳಿದರೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿಂದ ಹೊಗೆ ಹೊರಬರುವ ಕೊಳವೆಯ) ಗ್ಯಾಸ್ಕೆಟ್ ಸುತ್ತ ಮಸಿ ಹಿಡಿದಿದೆಯಾ ನೋಡಿ, ಹಿಡಿದಿದ್ದರೆ ಹೊಗೆ ಅಲ್ಲಿಂದ ಸೋರುತ್ತಿರಬಹುದು. ಏರಿನಲ್ಲಿ ಮಾತ್ರ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಬಂದರೆ ಗೇರ್ ಇಳಿಸಿ. ಆಗುಂಬೆ ಘಾಟಿಯನ್ನು ನಾಲ್ಕನೇ ಗೇರಲ್ಲಿ ಹತ್ತಲು ಹೋದರೆ ಎಂಜಿನ್ ಬಯ್ಯದೆ ಇನ್ನೇನು ಮಾಡೀತು? ಗೇರ್ ಇಳಿಸಿದರೂ ಹೋಗದಿದ್ದರೆ ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರಿಸುವ ಹೊತ್ತು) ನೋಡಿಸಿ.

ನನ್ನ ಗಾಡಿಯಲ್ಲಿ ಸದ್ದು ಸದಾ ಇತ್ತು, ಆಕ್ಸಿಲರೇಟರ್ ಒತ್ತಿದರೆ ಇನ್ನೂ ಜಾಸ್ತಿ. ಉದ್ದದ ಸ್ಕ್ರೂಡ್ರೈವರ್ ತಗೊಂಡೆ. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಟ್ಟರೆ ಡಾಕ್ಟರ ಸ್ಟೆತಸ್ಕೋಪೇ. ದುಪಟ್ಟಾ ಬಿಗಿದು ಕಟ್ಟಿ, ಬೆಲ್ಟು, ಫ್ಯಾನಿಂದ ದೂರ ಇರಿ. ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳ, ಅಂದರೆ ವಾಲ್ವ್ ಕವರ್ ಮೇಲೆ ಸಣ್ಣ ಟಿಕ್ ಟಿಕ್ ಅಷ್ಟೇ. ಮಧ್ಯದ ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಕೊಡುವುದು) ಕಡೆ ಮಾತ್ರ ಚಟ್ ಚಟ್ ಅಂತ ಹೊಡೆಯುತ್ತಿತ್ತು.

ಮುಂದಿನ ಪರೀಕ್ಷೆ ಹಳೇ ಕಾರ್ಬ್ಯುರೇಟರ್ ಗಾಡಿಗೆ. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ಕೇಬಲ್ ತೆಗೆಯಿರಿ. ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಕಟ್ಟಿ. ಆಗ ಆ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ. ಕೆಲವೇ ಸೆಕೆಂಡ್ ಓಡಿಸಿ, ಆಫ್ ಮಾಡಿ, ಮುಂದಿನದಕ್ಕೆ ಹೋಗಿ. ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಸದ್ದಾದರೆ ಯಾವ ಕೇಬಲ್ ತೆಗೆದರೂ ಹಾಗೇ ಇರುತ್ತದೆ. ನನಗೆ ಮಧ್ಯದ್ದು ತೆಗೆದಾಗ ಸದ್ದು ಥಟ್ಟನೆ ತಗ್ಗಿತು. ಎಂಜಿನ್ ತಣ್ಣಗಾದ ಮೇಲೆ ಆ ಪ್ಲಗ್‌ಗೆ ಪಾನಾ ಹಾಕಿದರೆ, ಬೆರಳಲ್ಲೇ ತಿರುಗಿತು! ಬುಡದಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗೆ ಕರೀ ಬಳೆ. ಉರಿದ ಗಾಳಿ ಅಲ್ಲಿಂದ ಸೋರುತ್ತಿತ್ತು. ಪ್ಲಗ್ ಕಿಡಿ ಹಾರಿಸುವುದೂ, ವಾಲ್ವ್ ತೆರೆಯುವುದೂ ಎಂಜಿನ್ನಿನ ಎರಡು ಸುತ್ತಿಗೊಮ್ಮೆ. ಹಾಗಾಗಿ ತಾಳ ಒಂದೇ, ಕಿವಿ ಮೋಸ ಹೋಗುತ್ತದೆ. ಹೊಸ ಪ್ಲಗ್ಗನ್ನು ಕೈಯಲ್ಲೇ ಕೊನೆತನಕ ತಿರುಗಿಸಿ, ವಾಷರ್ ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತು ಬಿಗಿದೆ. ಮುಗೀತು.

ಉಳಿದ ಟ್ಯಾಪೆಟ್ ಸದ್ದನ್ನು ಮುಂದಿನ ಭಾನುವಾರ ತಮ್ಮನ ಜೊತೆ ಸರಿಮಾಡಿದೆ. ತಣ್ಣಗಿನ ಎಂಜಿನ್, ಪ್ಲಗ್‌ಗಳೆಲ್ಲ ಹೊರಗೆ, ವಾಲ್ವ್ ಕವರ್ ಬಿಚ್ಚಿದ್ದು, ನಾಲ್ಕನೇ ಗೇರ್. ತಮ್ಮ ಗಾಡಿಯನ್ನು ಮೆಲ್ಲಗೆ ತಳ್ಳಿದರೆ ಎಂಜಿನ್ ತಿರುಗುತ್ತದೆ. ಒಂದು ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿಕೊಂಡು, ಪಿಸ್ಟನ್ ಮೇಲೆ ಬಂದಾಗ, ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ. ಅಳತೆ ಮ್ಯಾನುವಲ್‌ನಲ್ಲಿರುತ್ತದೆ. ತಣ್ಣಗಿದ್ದಾಗಿನದು, ಬಿಸಿಯಿದ್ದಾಗಿನದು ಬೇರೆ ಬೇರೆ. ದಪ್ಪ ಪುಸ್ತಕದ ನಡುವಿಂದ ಹಾಳೆ ಎಳೆದಷ್ಟು ತಡೆ ಸಿಗಬೇಕು. ಸಿಗದಿದ್ದರೆ ಲಾಕ್ ನಟ್ ಸಡಿಲಿಸಿ ಟ್ಯಾಪೆಟ್ ಸ್ಕ್ರೂ ತಿರುಗಿಸಿ. ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಜರುಗುತ್ತದೆ. ಸದ್ದೇ ಬೇಡ ಅಂತ ಜಾಸ್ತಿ ಬಿಗಿಯಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಇದ್ಯಾವುದೂ ಅಲ್ಲದೆ, ಎಂಜಿನ್ನಿನ ತಳದಿಂದ ಒನಕೆ ಕುಟ್ಟಿದ ಹಾಗೆ ಧಡ್ ಧಡ್ ಬಂದು, ಯಾವುದೋ ಒಂದು ಕೇಬಲ್ ತೆಗೆದಾಗ ತಗ್ಗಿದರೆ ಅದು ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೆ ಜೋಡಿಸಿದ ಸರಳು) ಬೇರಿಂಗ್ ಇರಬಹುದು. ಒಂದು ಕಿಲೋಮೀಟರ್ ಕೂಡ ಓಡಿಸದೆ ಟೋ ಮಾಡಿಸಿ. ಆಗ ಆ 18 ಸಾವಿರ ನಿಜವಾಗಿ ಬೇಕಾಗುತ್ತದೆ.